ಮಾಂತೇಶ ಸರ್ ಕೊಟ್ಟ ರಜೆ

ಬೆಳಿಗ್ಗೆ ಐದೂಕಾಲಿಗೆ ಗಣಿತ ಶಿಕ್ಷಕ ಮಾಂತೇಶ ಅವರು ದುರಗವ್ವನ ಮನೆಯ ಬಾಗಿಲು ತಟ್ಟಿದರು. ಹತ್ತನೇ ತರಗತಿಯ ಮಕ್ಕಳು ಎದ್ದು ಓದುತ್ತಿದ್ದಾರೆಯೇ ಎಂದು ಮನೆಮನೆಗೆ ಹೋಗಿ ನೋಡಿ, ಫೋಟೊ ತೆಗೆದು ಮೇಲಿನವರಿಗೆ ಕಳಿಸುವುದು ಆ ಜನವರಿಯಲ್ಲಿ ಶಿಕ್ಷಕರ ಕೆಲಸವಾಗಿತ್ತು.

ದುರಗವ್ವನ ಮಗಳು ಸುಶ್ಮಿತಾ ಎದ್ದಿದ್ದಳು. ಪುಸ್ತಕ ಹಿಡಿದು ಫೋಟೊಗೆ ನಿಂತಳು. ಅವಳು ಮಾಡಿಟ್ಟಿದ್ದ ಲೆಕ್ಕವನ್ನು ಮಾಂತೇಶ ನೋಡಿದರು. ಸರಿ ಇತ್ತು. ಆದರೆ ಅರ್ಧವಾರ್ಷಿಕದಲ್ಲಿ ಅವಳು ಗಣಿತದಲ್ಲಿ ಫೇಲಾಗಿದ್ದಳು.

ಅವರದು ಬ್ಯಾಡಗಿಯ ಒಂದು ಅನುದಾನಿತ ಪ್ರೌಢಶಾಲೆ. ಹಿಂದಿನ ವರ್ಷ ಅಲ್ಲಿ ಅರ್ಧದಷ್ಟು ಮಕ್ಕಳು ನಪಾಸಾಗಿದ್ದರು. ಸರ್ಕಾರದ ದುಡ್ಡು ಪಡೆದು ಫಲಿತಾಂಶ ಕೊಡದ ಶಾಲೆಗಳ ಬಗ್ಗೆ ವಿಧಾನಸಭೆಯಲ್ಲಿ ಗದ್ದಲವಾಗಿತ್ತು. ಈ ಸಲವೂ ಕುಸಿದರೆ ಅನುದಾನ, ಎಂದರೆ ಶಿಕ್ಷಕರ ಸಂಬಳ, ನಿಲ್ಲುತ್ತದೆ ಎಂದು ಹಾವೇರಿಯ ಸಭೆಯಲ್ಲಿ ಅಧಿಕಾರಿಗಳು ಹೇಳಿದ್ದರು. ಮಾಂತೇಶರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಹೇಳಿದ್ದರು.

“ಚಾ ಕುಡೀರಿ ಸರ,” ಎಂದಳು ದುರಗವ್ವ.

“ಮಾರ್ಕೆಟ್ಟಿಗೆ ಮೆಣಸಿನಕಾಯಿ ಜೋರ ಬರಾಕತ್ತಾವಂತಲ್ಲಬೇ?”

“ಬರಾಕತ್ತಾವ್ರಿ. ತೊಟ್ಟ ಬಿಡಸಾಕ ಆಳ ಸಿಗವಲ್ರು.”

“ಮತ್ತ ಇಕೀನ್ನೂ ಕರಕೊಂಡು ಹೋಗು. ಸುಗ್ಗಿ ಮುಗಿಯೂತನಕ ರಾತ್ರಿ ಓದಿದ್ರ ಸಾಕು. ಹಾಜರಿ ನಾ ನೋಡ್ಕೊಂತೇನಿ.”

“ನಾ ಒಲ್ಲೆ ಸರ,” ಎಂದಳು ಸುಶ್ಮಿತಾ. “ಪ್ರಿಪರೇಟರಿ ಪರೀಕ್ಷಾ ಐತಿ.”

“ಸುಮ್ಕಿರ,” ತಾಯಿ ಗದರಿದಳು. “ಸರಗಿಂತ ನಿನಗ ಹೆಚ್ಚ ತಿಳೀತೇನ? ದೇವರಂಥಾ ಮನಶ್ಯಾ, ನಮ್ಮ ತ್ರಾಸ ನೋಡಿ ಹೇಳಾಕತ್ತಾರ.”

ಸುಗ್ಗಿ ಮುಗಿಯುವ ತನಕ ಸುಶ್ಮಿತಾ ಶಾಲೆ ಬಿಟ್ಟು, ದಿನವೂ ತಾಯಿಯ ಪಕ್ಕದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದಳು. ರಾತ್ರಿ ಮನೆಗೆ ಬಂದು, ಉರಿಯುವ ಕೈಯಲ್ಲೇ ಪೆನ್ನು ಹಿಡಿದಳು.

ಮಾರ್ಚಿನಲ್ಲಿ ಪ್ರವೇಶಪತ್ರ ಹಂಚಿದಾಗ ಅವಳದು ಬಂದಿರಲಿಲ್ಲ. ಹಾಜರಿ ಕಡಿಮೆ, ಪರೀಕ್ಷೆಗೆ ಕೂಡುವಂತಿಲ್ಲ ಎಂದರು. ದುರಗವ್ವ ಮಗಳನ್ನು ಕರೆದುಕೊಂಡು ಶಾಲೆಗೆ ಓಡಿದಳು.

“ನೀವ ಹೇಳಿದ್ರಿ ಅಲ್ರಿ ಸರ, ಹಾಜರಿ ನೋಡ್ಕೊಂತೇನಿ ಅಂತ?”

“ನಾನಾ? ಪರೀಕ್ಷಾ ಹತ್ರ ಬಂದಾಗ ಮಗಳನ್ನ ಕೂಲಿಗೆ ಹಚ್ಚು ಅಂತ ಯಾವ ಮಾಸ್ತರ ಹೇಳ್ತಾನಬೇ?”

ಕೋಣೆಯಲ್ಲಿದ್ದ ಉಳಿದ ಶಿಕ್ಷಕರು ನಕ್ಕರು. ಮಾಂತೇಶ ಮೊಬೈಲ್ ತೆಗೆದು ಜನವರಿಯ ಆ ಫೋಟೊ ತೋರಿಸಿದರು.

“ನಸಿಕಿನ್ಯಾಗ ಐದ ಗಂಟೇಕ ಮನಿಗೆ ಬಂದು ಓದವಾ ಅಂತ ಹೇಳೇನಿ. ಇನ್ನೇನ ಮಾಡ್ಲಿ?”

ದುರಗವ್ವ ಮಗಳ ರಟ್ಟೆ ಹಿಡಿದಳು. “ನೀ ಹೇಳ. ಸರ ನಿನ್ನ ಮುಂದ ಹೇಳಿದ್ರಲ್ಲ?”

“ನಾ ಒಲ್ಲೆ ಅಂದಿದ್ದೆ,” ಎಂದಳು ಸುಶ್ಮಿತಾ. “ಒಯ್ದಾಕಿ ನೀನ.”

“ಕೇಳಿದಿಲ್ಲಬೇ?” ಎಂದರು ಮಾಂತೇಶ. “ಬರೂ ವರ್ಷ ಹೊರಗಿಂದ ಕಟ್ಟಲಿ ಬಿಡು.”

ಹೊರಗಿನಿಂದ, ಖಾಸಗಿಯಾಗಿ ಪರೀಕ್ಷೆ ಕಟ್ಟುವವರು ಶಾಲೆಯ ಫಲಿತಾಂಶದಲ್ಲಿ ಸೇರುವುದಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆ ಶಾಲೆಯಿಂದ ಪರೀಕ್ಷೆಗೆ ಕೂತವರೆಲ್ಲ ಪಾಸಾಗಿದ್ದರು. ಅನುದಾನ ಮುಂದುವರಿಯಿತು. ಸುಶ್ಮಿತಾ ರಾಣೆಬೆನ್ನೂರಿನ ಸೋದರಮಾವನ ಮನೆಗೆ ಹೋದಳು. ದುರಗವ್ವ ಎರಡು ಸಲ ಕರೆಯಲು ಹೋದಳು. ಮಗಳು ಹೊರಗೆ ಬರಲಿಲ್ಲ.