ಚಿತ್ರದ ಬೆನ್ನು

ವರ್ಣಚಿತ್ರಗಳಿಗೆ ವಿಮೆ ಮಾಡುವ ಕಂಪನಿಗೆ ಮಗಳು ಸೇರಿದ ದಿನ ಹಿರಿಯ ಅಧಿಕಾರಿ ಕಲಿಸಿದ್ದು ಒಂದೇ ಪಾಠ: ಚಿತ್ರದ ಮುಖ ನೋಡಿ ಮರುಳಾಗಬೇಡ, ಮೊದಲು ಬೆನ್ನು ನೋಡು, ಹುಳ, ತೇವ, ತೇಪೆ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಮೂರು ವರ್ಷದಲ್ಲಿ ಅದು ಅವಳಿಗೆ ರಕ್ತಗತವಾಗಿಬಿಟ್ಟಿತು. ಯಾವ ಚಿತ್ರದ ಬೆನ್ನಿಗೆ ಎಷ್ಟು ಮೊಳೆ ಅಂತ ಥಟ್ಟನೆ ಹೇಳುತ್ತಿದ್ದಳು. ಮುಂದೆ ಇದ್ದದ್ದು ನದಿಯೋ ಕುದುರೆಯೋ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದಳು.

ಜೀವಮಾನವಿಡೀ ಚಿತ್ರ ಬರೆದ ಅವಳ ಅಮ್ಮ ಒಂದು ಭಾನುವಾರ ಹೊಸ ಚಿತ್ರವೊಂದನ್ನು ಮಗಳ ಕೈಗೆ ಕೊಟ್ಟು, "ಹೇಗಿದೆ ನೋಡೇ" ಅಂದಳು.

ಮಗಳು ನಿಂತಲ್ಲೇ ಅದನ್ನು ಮಗುಚಿ ಟಾರ್ಚ್ ಬೆಳಕು ಬಿಟ್ಟಳು. ಬೆನ್ನ ಮೇಲೆ ಅಮ್ಮನ ದುಂಡು ಅಕ್ಷರ:

"ಮೊದಲು ಇಲ್ಲಿಗೇ ಬರ್ತೀಯ ಅಂತ ಗೊತ್ತಿತ್ತು. ಈಗಲಾದ್ರೂ ತಿರುಗಿಸು. ಆ ಕಡೆ ಕೂತಿರೋದು ನೀನೇ ಕಣೇ."