ಗೆರೆಯಾಚೆ ಅರ್ಧ ಬೆರಳು

"ಒಳಗೇ ಇದೆ! ಗೆರೆಯೊಳಗೇ ಇದೆ ಕಣೇ ಕೆಂಪು!"

ಅಮ್ಮನ ಕೂಗಿಗೆ ಹೆರಿಗೆ ವಾರ್ಡಿನ ಅರ್ಧ ಜನ ಎದ್ದು ಕುಳಿತರು. ಬಾಣಂತಿಯೂ ಬಟ್ಟೆ ಸರಿಸಿ ಹೊಟ್ಟೆ ನೋಡಿಕೊಂಡಳು. ಆಪರೇಷನ್ನಿನ ಹೊಲಿಗೆಯ ಎಡತುದಿ ಕೆಂಪಗಿತ್ತು. ಅದರ ಸುತ್ತ ನೀಲಿ ಗೆರೆ, ನಡುವೆ ಒಂದಿಷ್ಟು ಒಳ್ಳೆಯ ಚರ್ಮ.

ನಿನ್ನೆ ಗೆರೆ ಎಳೆದವರು ಡಾಕ್ಟರಮ್ಮ. "ನಿಮಗೆ ಸಕ್ಕರೆ ಇದೆ, ತೂಕ ಜಾಸ್ತಿ, ನೀರು ಒಡೆದು ಎಷ್ಟೋ ಹೊತ್ತಾದ್ಮೇಲೆ ಬಂದ್ರಿ. ಇಂಥ ಗಾಯಕ್ಕೆ ಬೇಗ ಕೀವು ಹಿಡಿಯತ್ತೆ. ಕೆಂಪು ಇದನ್ನ ದಾಟಿದ್ರೆ ಹೊಲಿಗೆ ಬಿಚ್ಚಬೇಕು. ದಾಟದಿದ್ರೆ ನಾಳೆ ಮನೆಗೆ," ಎಂದಿದ್ದರು. ತಾಯಿ ಮಗಳು ಇಬ್ಬರೂ ದರ್ಜಿಗಳು. ಬಿಚ್ಚುವ ಮಾತಿಗೆ ಇಬ್ಬರ ಮೈಯೂ ಜುಂ ಎಂದಿತ್ತು.

ಈಗ ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಚಿಕ್ಕಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ. ತಮ್ಮನ ಮುಖವನ್ನೇ ಇನ್ನೂ ನೋಡದ ಬಾಣಂತಿಯ ದೊಡ್ಡ ಮಗಳು ಪುಟ್ಟಿ ಅಪ್ಪನ ಜೊತೆ ಕೆಳಗೆ ಅಂಗಳದಲ್ಲಿ ಕುಣಿಯುತ್ತಿದ್ದಳು. ಅವಳನ್ನು ಯಾವಾಗ ಅಪ್ಪಿಕೊಂಡೇನೋ ಎಂದು ಬಾಣಂತಿಯ ಜೀವ ಹಾರುತ್ತಿತ್ತು.

ಖುಷಿಗೆ ಇನ್ನೊಮ್ಮೆ ಹೊಟ್ಟೆ ನೋಡಿಕೊಂಡಳು. ಡಾಕ್ಟರಮ್ಮನ ಗೆರೆ ಸೊಟ್ಟಗಿತ್ತಲ್ಲ? ಇದು ಅಂಗಿಯ ಕೊರಳಿಗೆ ಗುರುತು ಹಾಕಿದಷ್ಟು ನಯವಾಗಿತ್ತು.

"ಅಮ್ಮಾ, ಈ ಗೆರೆ ಯಾರೆಳೆದಿದ್ದು?"

"ಮೈ ಒರೆಸೋವಾಗ ಮಾಸಿಹೋಯ್ತು ಕಣೇ. ನಾನೇ ಅದರ ಮೇಲೇ ತಿದ್ದಿದೆ."

"ಮೇಲೇನಾ?"

ಅಮ್ಮ ಗಾಳಿಯಲ್ಲೇ ಒಮ್ಮೆ ಗೆರೆ ಎಳೆದು ನೋಡಿದಳು. ಕೈ ಅರ್ಧಕ್ಕೇ ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಯಾವ ಬಟ್ಟೆಗೆ ಗುರುತು ಹಾಕಿದರೂ ಹೊಲಿಗೆಗೆಂದು ಅರ್ಧ ಬೆರಳು ಹೊರಗೆ ಬಿಡುವ ಕೈ ಅದು.

"ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ! ಜಾಗ ಬಿಟ್ಬಿಟ್ನೇನೇ?"

"ನಗಿಸಬೇಡಮ್ಮಾ, ನೋಯತ್ತೆ," ಎಂದಳು ಬಾಣಂತಿ. ನಗು ಬಂದಷ್ಟೇ ಬೇಗ ಆರಿತು. ಡಾಕ್ಟರಮ್ಮ ಬಾಗಿಲಲ್ಲಿದ್ದರು.

"ಸುಮ್ನಿರೇ," ಅಮ್ಮ ಪಿಸುಗುಟ್ಟಿದಳು. "ಪುಟ್ಟಿ ಕಾಯ್ತಿದ್ದಾಳೆ ಕೆಳಗೆ."

ಡಾಕ್ಟರಮ್ಮ ಬಗ್ಗಿ ನೋಡಿದರು, ಮುಖ ಅರಳಿತು. "ಪರವಾಗಿಲ್ವೇ! ಮನೆಗೆ ಹೊರಡಿ."

ಬಾಣಂತಿ ಚೀಲದ ಕಡೆ ನೋಡಿದಳು. ಹೊರಟುಬಿಡಬೇಕೆಂದು ಅವಳಿಗೆ ಅಳು ಬರುವಷ್ಟು ಆಸೆಯಾಯಿತು.

"ಡಾಕ್ಟ್ರೇ, ಆ ಗೆರೆ ನಿಮ್ಮದಲ್ಲ. ನಮ್ಮಮ್ಮಂದು."

ಡಾಕ್ಟರಮ್ಮ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಾಗ ಅಮ್ಮನ ಪೆನ್ನಿನ ಶಾಯಿ ಹೋಯಿತು. ಅದರೊಳಗೆ ಚರ್ಮಕ್ಕೆ ಇಳಿದಿದ್ದ ಹಳೆಯ ಸೊಟ್ಟ ಗೆರೆ ಮಸುಕಾಗಿ ಕಂಡಿತು. ಒಂದು ಮೂಲೆಯಲ್ಲಿ ಕೆಂಪು ಅದನ್ನು ದಾಟಿತ್ತು. ಒತ್ತಿದಾಗ ಹೊಲಿಗೆಯ ಸಂದಿನಿಂದ ಕೀವಿನ ಒಂದು ಹನಿ ಬಂತು.

"ಮನೆಗೆ ಹೋಗಿದ್ರೆ ಒಳಗೊಳಗೇ ಹರಡ್ತಿತ್ತು. ಈಗ ಎರಡೇ ಹೊಲಿಗೆ ಬಿಚ್ಚಿ ತೊಳೆದ್ರೆ ಸಾಕು. ಒಳ್ಳೆ ಹೊತ್ತಿಗೆ ಬಾಯಿಬಿಟ್ಟೆ ತಾಯಿ!"

ಎರಡೇ! ಹಲ್ಲು ಕಚ್ಚಿ ನೋವು ನುಂಗುವಾಗಲೂ ಬಾಣಂತಿಯ ಕಿವಿಯಲ್ಲಿ ಆ ಮಾತೇ ಇತ್ತು. ತೊಳೆದು ಮುಗಿಸಿ ಡಾಕ್ಟರಮ್ಮ ಹೊಸ ಗೆರೆ ಎಳೆದರು, ಪೆನ್ನನ್ನು ಹಾಸಿಗೆಯ ಮೇಲೆಯೇ ಮರೆತು ಹೊರಟರು. ಅಮ್ಮ ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಅವರ ಹಿಂದೆಯೇ ಓಡಿ, ಕೊಟ್ಟು ಬಂದಳು.

ಆಮೇಲೆ ಮಗುವನ್ನೆತ್ತಿ ಕಿಟಕಿಗೆ ಹಿಡಿದಳು. ಮಲಗಿದವಳಿಗೆ ಅಂಗಳ ಕಾಣಲಿಲ್ಲ, ಪುಟ್ಟಿಯ ಕೂಗು ಕೇಳಿಸಿತು.

"ತಮ್ಮಾ! ಅಪ್ಪಾ, ನನ್ ತಮ್ಮಾ!"

ಬಾಣಂತಿ ಜೋರಾಗಿ ನಕ್ಕು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು, ಗೆರೆಯಿಂದ ದೂರಕ್ಕೆ.