ಐದನೆಯ ಸ್ಟಾರು

ಯಲಬುರ್ಗಾದ ಎರೆಮಣ್ಣಿನಲ್ಲಿ ಲಾನು ಬೆಳೆಸುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ; ಮಾಡಿಸಬಹುದು, ಆದರೆ ದಿನಾ ಜಗಳ. ಊರೆಲ್ಲ ಅಕ್ಕೋರು ಎಂದು ಕರೆಯುವ ನಿವೃತ್ತ ಟೀಚರ್ ಕಸ್ತೂರೆಮ್ಮ ಮಾತ್ರ ಹಟ ಹಿಡಿದು ಮನೆಯ ಮುಂದೆ ಒಂದು ಗುಂಟೆ ಹುಲ್ಲು ಬೆಳೆಸಿದ್ದರು. ಅದರ ಸ್ಪ್ರಿಂಕ್ಲರ್ ಕೆಟ್ಟಾಗಲೆಲ್ಲ ಕೊಪ್ಪಳದಿಂದ ಬಸ್ಸು ಹತ್ತಿ ಬರುವವನು ಕಲ್ಲೇಶ.

ಕಲ್ಲೇಶನ ಸೇವೆ ಅಂಥಿಂಥದಲ್ಲ. ಯಾವ ಮನೆಯ ನೀರು ಎತ್ತ ಬೀಳಬೇಕೆಂಬುದು ಅವನಿಗೆ ಬಾಯಿಪಾಠ. ಕುಕನೂರಿನ ಕಾಳಪ್ಪನವರಲ್ಲಿ ಎಮ್ಮೆಯ ಬೆನ್ನಿಗೂ ಒಂದು ಸುತ್ತು ಚಿಮ್ಮಬೇಕು. ಅಕ್ಕೋರ ಮನೆಯಲ್ಲಿ ಸಂಡಿಗೆ ಒಣಗುವ ಮಂಚಕ್ಕೆ ಒಂದು ಹನಿಯೂ ಸೋಕಬಾರದು.

ಇಷ್ಟು ಮಾಡಿಯೂ ಇಂದು ಅವನ ಕೆಲಸಕ್ಕೇ ಸಂಚಕಾರ ಬಂದಿತ್ತು. ಕಂಪನಿಯವರು ಹೊಸ ಕಾಯಿದೆ ತಂದಿದ್ದರು: ರಿಪೇರಿ ಮುಗಿಯುತ್ತಲೇ ಗಿರಾಕಿಯ ಫೋನಿಗೆ ಮೆಸೇಜು, ಅದರಲ್ಲಿ ಒತ್ತಲು ಐದು ಸ್ಟಾರು. ತಿಂಗಳಲ್ಲಿ ಒಮ್ಮೆಯಾದರೂ ಪೂರ್ತಿ ಐದು ಬೀಳದಿದ್ದರೆ ಯಲಬುರ್ಗಾ ಲೈನು ಬೇರೆಯವನ ಪಾಲು. ಇಂದು ತಿಂಗಳ ಕೊನೆಯ ದಿನ, ಇದು ಕೊನೆಯ ಮನೆ. ಇದುವರೆಗೆ ಬಿದ್ದದ್ದೆಲ್ಲ ನಾಲ್ಕು, ನಾಲ್ಕು, ನಾಲ್ಕು. ಕೂರಿಸಿ ಶೇಂಗಾ ಹೋಳಿಗೆ ಬಡಿಸಿದವರೂ ನಾಲ್ಕೇ! ಎಂಥ ಜನವಪ್ಪಾ ಇವರು!

ಆತುರಕ್ಕೆ ಕಲ್ಲೇಶ ಕೊನೆಯ ಪೈಪು ಬಿಗಿಯುವ ಮೊದಲೇ ಕೆಲಸ ಮುಗಿಯಿತೆಂದು ಕಂಪನಿಗೆ ತಿಳಿಸಿಬಿಟ್ಟ. ಕಟ್ಟೆಯ ಮೇಲೆ ಕೂತ ಕಸ್ತೂರೆಮ್ಮ ಕನ್ನಡಕ ಏರಿಸಿ ಫೋನು ಹಿಡಿದರು. ಪೈಪು ಬಿಗಿಯುತ್ತಿದ್ದ ಕಲ್ಲೇಶ ತಡೆಯಲಾರದೆ, ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ಬಿಸಾಕಿ ಓಡಿ ಬಂದು ಇಣುಕಿದ. ನಾಲ್ಕು ಬೆಳಗಿದ್ದವು.

"ಅಕ್ಕೋರ, ನಾಲ್ಕ ಯಾಕ್ರಿ? ನಾ ಏನ್ ತಪ್ಪು ಮಾಡೀನ್ರಿ?"

"ತಪ್ಪೇನಿಲ್ಲೋ ತಮ್ಮಾ. ನಿನ್ನಂಗ ಕೆಲಸ ಮಾಡಾಂವ ಈ ಸೀಮ್ಯಾಗ ಇಲ್ಲ."

"ಮತ್ತ ಐದು ಒತ್ರಲ್ಲಾ!"

"ಹುಚ್ಚಪ್ಪ! ಪೂರಾ ಕೊಟ್ರ ಮಂದಿ ಕಣ್ಣು ಬೀಳತೈತಿ. ಕೂಸಿಗೆ ಕಾಡಿಗಿ ಬೊಟ್ಟು ಯಾಕ ಇಡ್ತಾರ? ಹಂಗ ಒಂದು ಖಾಲಿ ಬಿಡಬೇಕು. ಕಾಳಪ್ಪಗೂ ನಾನ ಹೇಳೀನಿ, ಎಲ್ಲಾರ್ಗೂ ಹೇಳೀನಿ."

ಕಲ್ಲೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೀತಿ ಮಾಡುವವರೇ ಸೇರಿ ಅನ್ನಕ್ಕೆ ಕಲ್ಲು ಹಾಕಿದರೆ ಯಾರ ಮುಂದೆ ಹೇಳುವುದು? ಕಂಪನಿಯ ಕಾಯಿದೆಯನ್ನು ಬಿಡಿಸಿ ಹೇಳಿದ.

"ನಾಳೆಯಿಂದ ನಿಮ್ಮ ಸಂಡಿಗಿ ಯಾವ್ದು, ಹುಲ್ಲು ಯಾವ್ದು ಅಂತ ತಿಳೀಲಾರದಾಂವ ಬರ್ತಾನ್ರಿ."

ಕಸ್ತೂರೆಮ್ಮನ ಮುಖ ಇಳಿಯಿತು. ಕಣ್ಣು ಮುಚ್ಚಿ, ದೇವರನ್ನು ನೆನೆದು, ಐದನೆಯದನ್ನೂ ಒತ್ತಿ ಕಳಿಸಿದರು. "ಮುಂದ ಏನರ ಆದ್ರ ನನ್ನ ಕೇಳಬ್ಯಾಡ."

ಕಲ್ಲೇಶ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಗಂಟೆ ಐದಾಯಿತು, ಸ್ಪ್ರಿಂಕ್ಲರಿನ ಟೈಮರು ತನ್ನ ಪಾಡಿಗೆ ನೀರು ಬಿಟ್ಟಿತು. ಅರ್ಧ ಬಿಗಿದಿದ್ದ ಪೈಪು ಬುಸ್ಸೆಂದು ಕಿತ್ತುಕೊಂಡು ಮೊದಲು ಸಂಡಿಗೆಯ ಮಂಚವನ್ನು, ಆಮೇಲೆ ಓಡಿ ಬಂದ ಕಲ್ಲೇಶನನ್ನು ತೋಯಿಸಿತು. ಎರಡು ಸೇರಕ್ಕಿಯ ಸಂಡಿಗೆ ಗಂಜಿಯಾಯಿತು.

"ನೋಡಿದ್ಯಾ! ಹೇಳಿದ್ನಿಲ್ಲೋ!" ಕಸ್ತೂರೆಮ್ಮನ ದನಿಯಲ್ಲಿ ಸಂಡಿಗೆ ಹೋದ ದುಃಖಕ್ಕಿಂತ ತಮ್ಮ ಮಾತು ನಿಜವಾದ ಸಂತೋಷವೇ ಹೆಚ್ಚಿತ್ತು.

ಪೈಪು ಬಿಗಿಯದೆ ಓಡಿ ಬಂದದ್ದು ತಾನೇ ಎಂದು ಕಲ್ಲೇಶನಿಗೆ ಗೊತ್ತು. ಒದ್ದೆ ಅಂಗಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಈ ಬಾರಿ ಎರಡೆರಡು ಸಲ ಬಿಗಿದ. ಕೆಲಸ ಮುಗಿಯಿತೆಂದು ಕಂಪನಿಗೆ ತಿಳಿಸುತ್ತಲೇ ಅಕ್ಕೋರ ಫೋನು ಮತ್ತೆ ಕಿಣಿ ಎಂದಿತು. ಹೊಸ ರಿಪೇರಿ, ಒತ್ತಲು ಹೊಸ ಐದು ಸ್ಟಾರು.

ಕಸ್ತೂರೆಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಹೇಳಪಾ ಶಾಣ್ಯಾ, ಈಗ ಎಷ್ಟು ಒತ್ತಲಿ?"

ಕಲ್ಲೇಶ ಮೂಗಿನ ತುದಿಯ ನೀರು ಒರೆಸಿಕೊಂಡ. ಪೈಪನ್ನೊಮ್ಮೆ ನೋಡಿದ, ಮಂಚವನ್ನೊಮ್ಮೆ ನೋಡಿದ.

"ನಾಲ್ಕ ಸಾಕ್ರಿ, ಅಕ್ಕೋರ."